ಕತ್ತಲೆ ಮಾಡಿದ್ಯಾರು?

"ಡೋಮಾ ದ್ರೋಹಿ ಅಲ್ಲ ಅಂದ್ರೆ ಅಲ್ಲ," ಎಂದು ಚೈತ್ರಶ್ರೀ ಊಟದ ತಟ್ಟೆಯನ್ನು ನಲ್ಲಿಕಟ್ಟೆಗೆ ಕುಕ್ಕಿದಳು. ಸಾರು ಹಾರಿ ಅರುಣನ ಶರ್ಟಿಗೆ ಬಿತ್ತು.

"ಸಾರು ಹಾರ್ಸಿದ್ರೆ ಡೋಮಾ ಒಳ್ಳೇವ್ನಾಗ್ಬುಡ್ತಾನಾ?" ಅರುಣ ಶರ್ಟು ಒರೆಸಿಕೊಂಡ. "ಇಡೀ ಹಡಗಿನ ಕರೆಂಟ್ ತೆಗ್ದವ್ನೆ. ನಾವೆಲ್ಲ ನೋಡಿಲ್ವಾ?"

ನೋಡಿದ್ದರು. ಅದೇ ತೊಂದರೆ.

ಕುಂದೂರಿನ ಶಾಲೆಯ ಐದನೇ ಕ್ಲಾಸಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಪ್ರತಿ ಭಾನುವಾರ ಸಂಜೆ ಟೀವಿಯಲ್ಲಿ 'ಗಗನದೋಣಿ' ಸೀರಿಯಲ್ ಬರುತ್ತದೆ. ಭೂಮಿಯಿಂದ ಹೊರಟ ದೊಡ್ಡ ಹಡಗೊಂದು ನಕ್ಷತ್ರಗಳ ನಡುವೆ ದಾರಿ ತಪ್ಪಿದೆ. ಅದರಲ್ಲಿ ಹೊಳೆಯುವ ಡ್ರೆಸ್ಸಿನ ಕ್ಯಾಪ್ಟನ್ ಇದ್ದಾಳೆ. ಕೆಳಗೆ ಇಂಜಿನ್ ರೂಮಿನಲ್ಲಿ ಮೈತುಂಬ ಗ್ರೀಸು ಬಳಿದುಕೊಂಡ ಮೆಕ್ಯಾನಿಕ್ ಡೋಮಾ ಇದ್ದಾನೆ. ಎಲ್ಲರಿಗೂ ಕ್ಯಾಪ್ಟನ್ ಇಷ್ಟ. ಚೈತ್ರಳಿಗೆ ಡೋಮಾ.

ಹೋದ ಭಾನುವಾರ ಎಲ್ಲರೂ ಅರುಣನ ಮನೆಯ ದೊಡ್ಡ ಟೀವಿಯ ಮುಂದೆ ಸೇರಿದ್ದರು. ಥಿಯೇಟರಿನ ಹಾಗಿರಲಿ ಎಂದು ಅರುಣ ಕಿಟಕಿ ಬಾಗಿಲು ಹಾಕಿ ಲೈಟು ಆರಿಸಿದ್ದ. ಶತ್ರುಗಳು ಹಡಗನ್ನು ಸುತ್ತುವರಿದಿದ್ದರು. ಡೋಮಾ ಒಬ್ಬನೇ ಇಂಜಿನ್ ರೂಮಿಗೆ ಬಂದ. ಕೆಂಪು ಹಿಡಿಕೆಯ ಮೇಲೆ ಕೈ ಇಟ್ಟ. ಪಟ್ಟನೆ ಕತ್ತಲೆಯಾಯಿತು.

ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಹಡಗಿನಲ್ಲಿ ಈಗ ಬೆಳಕು ಬರುತ್ತದೆ, ಆಗ ಬರುತ್ತದೆ ಎಂದು ಕೂತೇ ಕೂತರು. ಕೊನೆಗೆ ಅರುಣನ ಅಮ್ಮ ಪುಷ್ಪಾ ಅಡುಗೆಮನೆಯಿಂದ ಕೂಗಿದರು: "ಕರೆಂಟ್ ಹೋಗಿ ಎಷ್ಟೊತ್ತಾಯ್ತು. ಆ ಕತ್ಲೇಲಿ ಏನ್ ನೋಡ್ತಾ ಕೂತಿದೀರ?"

ಚೈತ್ರ ಪುಷ್ಪಾ ಅವರ ಫೋನು ಇಸಿದುಕೊಂಡು, ಕರೆಂಟು ಯಾವಾಗ ಬರುತ್ತದೆ ಎಂದು ಕೇಳಲು ಅಪ್ಪನಿಗೆ ಮಾಡಿದಳು. ಮತ್ತೆ ಮಾಡಿದಳು. ಮತ್ತೆ ಮತ್ತೆ ಮಾಡಿದಳು. ಅಪ್ಪ ಎತ್ತಲಿಲ್ಲ.

ಮೊದಲು ಹಡಗಿನ ಕರೆಂಟು ಹೋಯಿತು, ಆಮೇಲೆ ಊರಿನದು ಹೋಯಿತು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟರು. ಅಲ್ಲಿಂದ ಶುರುವಾದವು ಥಿಯರಿಗಳು. ಡೋಮಾ ಶತ್ರುಗಳ ಕಡೆ ಸೇರಿಕೊಂಡಿದ್ದಾನೆ ಎಂದು ಅರುಣ. ಡೋಮಾ ಮನುಷ್ಯನೇ ಅಲ್ಲ, ರೋಬೋ ಎಂದು ಪ್ರತಾಪ. ಡೋಮಾ ಸತ್ತು ಎಷ್ಟೋ ಕಾಲವಾಯಿತು, ಈಗಿರುವುದು ಅವನ ದೆವ್ವ ಎಂದು ಹಿಂದಿನ ಬೆಂಚಿನವನೊಬ್ಬ. ಅದಕ್ಕೂ ಇಬ್ಬರು ತಲೆಯಾಡಿಸಿದರು.

ಚೈತ್ರಳಿಗೆ ಮೈ ಉರಿಯುತ್ತಿತ್ತು. ಹಡಗು ಕೆಟ್ಟಾಗಲೆಲ್ಲ ರಿಪೇರಿ ಮಾಡಿದವನು ಯಾರು? ಕ್ಯಾಪ್ಟನ್ ಊಟ ಮಾಡುವಾಗ ಪೈಪಿನೊಳಗೆ ತೂರಿಕೊಂಡಿದ್ದವನು ಯಾರು? ಒಂದೇ ಒಂದು ಸಲ ಕರೆಂಟು ತೆಗೆದನೆಂದು ಅವನು ದ್ರೋಹಿಯಾಗಿಬಿಟ್ಟನೇ?

"ಏನಾದ್ರೂ ಕಾರಣ ಇದ್ದೇ ಇರ್ತದೆ ಕಣೋ," ಎಂದಳು.

"ಏನ್ ಕಾರಣ? ಹೇಳು ನೋಡಣ."

ಅಷ್ಟರಲ್ಲಿ ಹೇಮಶ್ರೀ ತಟ್ಟೆ ತೊಳೆಯಲು ಬಂದಳು. ಅತ್ತೆಯ ಮಗಳ ಮದುವೆಗೆ ಆನೇಮಹಲಿಗೆ ಹೋಗಿದ್ದವಳು ಅವತ್ತಷ್ಟೇ ಶಾಲೆಗೆ ಬಂದಿದ್ದಳು.

"ಯಾವ ಕತ್ಲೆ?" ಎಂದಳು. "ನಾನು ಅತ್ತೆ ಮನೇಲಿ ಪೂರ್ತಿ ನೋಡ್ದೆ. ಕತ್ಲೆನೇ ಆಗ್ಲಿಲ್ಲ ಕಣ್ರೋ. ಡೋಮಾ ಕೈ ಇಟ್ಟ. ಹಿಂದ್ಗಡೆ ಬಾಗ್ಲು ತೆಗೀತು. ಅವ್ನು ತಿರುಗಿ ನೋಡ್ದ. ಮುಂದಿನ ವಾರ ಅಂತ ಬಂತು, ಮುಗೀತು. ಅವ್ನು ಹಿಡಿಕೆ ಎಳೀಲೇ ಇಲ್ಲ."

ತೊಳೆಯುತ್ತಿದ್ದ ತಟ್ಟೆಗಳು ಕೈಯಲ್ಲೇ ನಿಂತವು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

"ಹಂಗಾರೆ ಕತ್ಲೆ ಮಾಡಿದ್ಯಾರು?" ಎಂದ ಪ್ರತಾಪ.

ಒಬ್ಬೊಬ್ಬರಾಗಿ ಎಲ್ಲರೂ ಚೈತ್ರಳ ಕಡೆ ತಿರುಗಿದರು. ಊರಿನ ಲೈನ್‌ಮ್ಯಾನ್ ದ್ಯಾವಯ್ಯ ಅವಳ ಅಪ್ಪ.

"ದ್ರೋಹಿ ಡೋಮಾ ಅಲ್ಲ ಕಣ್ರಪ್ಪ," ಎಂದ ಅರುಣ. "ಇವಳಪ್ಪ."

ಎಲ್ಲರೂ ನಕ್ಕರು. ವಾರವೆಲ್ಲ ಡೋಮಾನ ಪರವಾಗಿ ಬಾಯಿ ಜೋರು ಮಾಡಿದ್ದ ಚೈತ್ರಳಿಗೆ ಅಪ್ಪನ ಪರವಾಗಿ ಒಂದು ಮಾತೂ ಸಿಗಲಿಲ್ಲ. ಸಿಟ್ಟು ಮೊದಲು ಅರುಣನ ಮೇಲೆ ಬಂತು. ಮನೆ ಮುಟ್ಟುವಷ್ಟರಲ್ಲಿ ಅದು ಅಪ್ಪನ ಮೇಲೆ ತಿರುಗಿತ್ತು.

ಸಂಜೆ ದ್ಯಾವಯ್ಯ ಬಂದು, ಸೊಂಟದ ಬೆಲ್ಟು ಬಿಚ್ಚಿ ಗೋಡೆಗೆ ನೇತುಹಾಕಿದ.

"ಚೈತ್ರಾ, ಅಪ್ಪಂಗೆ ಕಾಫಿ ಕೊಡವ್ವ," ಎಂದಳು ಅಜ್ಜಿ ಲಿಂಗಮ್ಮ.

"ನಾನ್ ಕೊಡಲ್ಲ."

"ಯಾಕೆ, ಲೋಟ ಭಾರ ಆಯ್ತಾ?"

"ನನ್ನ ಮರ್ಯಾದೆ ಹೋಯ್ತು," ಎಂದು ಚೈತ್ರ ಅಳುವ ದನಿಯಲ್ಲಿ ಶುರು ಮಾಡಿದವಳು ಎಲ್ಲವನ್ನೂ ಒದರಿದಳು. ಡೋಮಾ, ಕೆಂಪು ಹಿಡಿಕೆ, ಆನೇಮಹಲಿನ ಅತ್ತೆ, ನಲ್ಲಿಕಟ್ಟೆಯ ನಗು. "ಇನ್ನೊಂದು ಚೂರಿತ್ತು ಅಪ್ಪ. ಒಂದೇ ಒಂದ್ ಚೂರು. ಅಷ್ಟು ತಡ್ಕೊಂಡು ತೆಗೆಯಕ್ಕಾಗ್ತಿರ್ಲಿಲ್ವಾ?"

ದ್ಯಾವಯ್ಯ ತಾನೇ ಕಾಫಿ ಬಗ್ಗಿಸಿಕೊಂಡು ಕುಡಿದ. ಲೋಟ ಕೆಳಗಿಟ್ಟ.

"ಚಪ್ಪಲಿ ಹಾಕ್ಕೊ. ಬಾ," ಎಂದ.

ಇಬ್ಬರೂ ಡೈರಿಯ ಕಡೆ ನಡೆದರು. ಚೈತ್ರ ಬೇಕೆಂದೇ ಹಿಂದೆ ಹಿಂದೆ ಬಂದಳು. ಅರುಣನ ಮನೆಯ ತೋಟದ ಬೇಲಿ ದಾಟಿದ ಮೇಲೆ ದಾರಿ ತಿರುಗುತ್ತದೆ. ಅಲ್ಲಿ ಸಿಲ್ವರ್ ಓಕ್ ಮರದ ಕೊಂಬೆಯೊಂದು ಮುರಿದು ಬಿದ್ದಿತ್ತು. ಎಲೆ ಆಗಲೇ ಒಣಗಿತ್ತು. ಮೇಲೆ, ಹಳೇ ತಂತಿಯ ನಡುವೆ ಒಂದು ಗೇಣು ಹೊಸ ತಂತಿ ಹೊಳೆಯುತ್ತಿತ್ತು.

"ಅವತ್ತು ಗಾಳಿಗೆ ಆ ಕೊಂಬೆ ತಂತಿ ಮೇಲೆ ಬಿತ್ತು," ಎಂದ ದ್ಯಾವಯ್ಯ. "ತಂತಿ ಕಿತ್ಕೊಂಡು ಇಲ್ಲಿ, ನೀನು ನಿಂತಿದೀಯಲ್ಲ, ಅಲ್ಲೇ ಬಿದ್ದಿತ್ತು. ಹುಲ್ಲೊಳಗೆ. ಕಾಣ್ತಾನೂ ಇರ್ಲಿಲ್ಲ. ಗಾಳಿ ಎದ್ದಿದ್ಕೆ ಲೈನ್ ನೋಡ್ಕೊಂಡು ಬಂದಿದ್ದೆ, ಗೊತ್ತಾಯ್ತು. ಓಡ್ಹೋಗಿ ಕರೆಂಟ್ ತೆಗ್ದೆ."

ಚೈತ್ರ ಒಂದು ಹೆಜ್ಜೆ ಹಿಂದೆ ಸರಿದಳು.

"ಆಗ ಇಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಯಾರೂ ಇರ್ಲಿಲ್ಲ ಅಂದ್ರೆ ಮತ್ಯಾಕೆ ತೆಗ್ದೆ?"

"ಡೈರಿಗೆ ಹಾಲು ಹಾಕೋ ಹೊತ್ತು ಅದು. ಯಾರಾದ್ರೂ ಬಂದ್ಮೇಲೆ ತೆಗೆಯಕ್ಕಾಗ್ತದಾ?"

ಹೌದು, ಆ ಹೊತ್ತಿಗೆ ಎಲ್ಲರೂ ಈ ದಾರಿಯಲ್ಲೇ ಬರುತ್ತಾರೆ. ಅರುಣನ ಅಜ್ಜಿ ಬರುತ್ತಾರೆ. ಪ್ರತಾಪನ ಅಣ್ಣ ಬರುತ್ತಾನೆ. ಅವತ್ತೂ ಎಲ್ಲರೂ ಬಂದಿದ್ದರು, ಹೋಗಿದ್ದರು. ಏನೂ ಆಗಿರಲಿಲ್ಲ. ಅದಕ್ಕೇ ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

"ಇದನ್ನ ಎಲ್ರಿಗೂ ಹೇಳ್ಬಾರ್ದಿತ್ತಾ ನೀನು?" ಈಗ ಅವಳಿಗೆ ಬೇರೆಯೇ ಸಿಟ್ಟು ಬಂದಿತ್ತು. "ಅರುಣ ನಿನ್ನ ದ್ರೋಹಿ ಅಂದ."

"ಅನ್ಲಿ ಬುಡು. ಅವ್ರ ದೊಡ್ಡೋರು ಫೋನಲ್ಲಿ ಅನ್ನೋದ್ ಕೇಳಿದ್ರೆ ನೀನು ಏನಂತಿದ್ಯೋ." ದ್ಯಾವಯ್ಯ ನಕ್ಕ. "ಬೈಯೋದಾದ್ರೂ ಪರ್ವಾಗಿಲ್ಲ ಕಣವ್ವ. ಅವತ್ತು ನಾನು ಕಂಬದ ಮೇಲಿದ್ರೆ ಜೇಬಲ್ಲಿ ಫೋನು ಒಂದೇ ಸಮ ಹೊಡ್ಕೊಳ್ತಿತ್ತು. ಒಂದು ಕೈಲಿ ಕಂಬ, ಒಂದು ಕೈಲಿ ತಂತಿ. ಯಾವ ಕೈಲಿ ಎತ್ಲಿ? ಎದೆ ಹತ್ರ ಗುರ್ ಅಂತಿದ್ರೆ ಕೈ ನಡುಗ್ತದೆ. ಇಳಿದು ನೋಡಿದ್ರೆ ಅರುಣನ ಮನೇದು."

ಚೈತ್ರ ಹೊಸ ತಂತಿಯನ್ನೇ ನೋಡುತ್ತ ನಿಂತಳು. ಬರುವಾಗ ಅವಳು ಅಪ್ಪನ ಪಕ್ಕದಲ್ಲೇ ನಡೆದಳು.

ಭಾನುವಾರ ಸಂಜೆ ಮತ್ತೆ ಗಾಳಿ. ಅರುಣನ ಮನೆಯಲ್ಲಿ ಮತ್ತೆ ಲೈಟು ಆರಿಸಿ ಎಲ್ಲರೂ ಕೂತಿದ್ದರು. ಡೋಮಾನ ಕೈ ಹಿಡಿಕೆಯ ಮೇಲಿತ್ತು. ಹಿಂದೆ ಬಾಗಿಲು ತೆರೆಯಿತು. ಅವನು ತಿರುಗಿ ನೋಡಿದ. ಹಿಡಿಕೆ ಎಳೆದ.

ಕತ್ತಲೆ.

"ಇದು ಹಡಗಿಂದಾ, ನಮ್ದಾ?" ಎಂದ ಪ್ರತಾಪ.

ಅರುಣ ಎದ್ದು ಸ್ವಿಚ್ಚು ಹಾಕಿ, ತೆಗೆದು, ಮತ್ತೆ ಹಾಕಿದ. "ನಮ್ದೇ ಕಣ್ರೋ. ಥೂ." ಅಮ್ಮನ ಫೋನು ತಂದು ಚೈತ್ರಳ ಕೈಗೆ ತುರುಕಿದ. "ಮಾಡೇ ನಿಮ್ಮಪ್ಪಂಗೆ. ಬೇಗ ಮಾಡೇ."

ಚೈತ್ರ ಫೋನು ತೆಗೆದುಕೊಂಡಳು. ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

"ಏ, ಕೊಡೇ ಇಲ್ಲಿ. ನಾನೇ ಮಾಡ್ತೀನಿ."

"ಕೊಡಲ್ಲ. ಅಪ್ಪ ಕಂಬದ ಮೇಲಿರ್ತಾರೆ."

"ಇದ್ರೆ ಏನು?"

"ಕಿಟಕಿ ತೆಗಿ. ಹೇಳ್ತೀನಿ."

ಗೊಣಗುತ್ತಲೇ ಅರುಣ ಕಿಟಕಿ ತೆರೆದ. ತಣ್ಣನೆ ಗಾಳಿ ನುಗ್ಗಿತು. ಚೈತ್ರಳ ಬೆನ್ನ ಹಿಂದೆ, ಡೋಮಾ ಯಾಕೆ ಹಿಡಿಕೆ ಎಳೆದ ಎಂಬ ಜಗಳ ಆಗಲೇ ಶುರುವಾಗಿತ್ತು. ತೋಟದಾಚೆ, ಡೈರಿ ದಾರಿಯ ಕಡೆ, ಒಂದು ಟಾರ್ಚಿನ ಬೆಳಕು ಗಿಡಗಳ ನಡುವೆ ಸಾಗುತ್ತಿತ್ತು. ಒಂದು ಕಡೆ ನಿಂತಿತು. ಆಮೇಲೆ ಮೆಲ್ಲಗೆ, ಸ್ವಲ್ಪ ಸ್ವಲ್ಪವಾಗಿ, ಮೇಲಕ್ಕೆ ಏರತೊಡಗಿತು.

ಅದು ತುದಿ ಮುಟ್ಟುವವರೆಗೆ ಚೈತ್ರ ಉಸಿರು ಬಿಗಿಹಿಡಿದು ನೋಡಿದಳು.