ಮೊದಲ ಸುತ್ತಿನಲ್ಲೇ ಹೋದ ಬ್ರೇಕು

"ಈ ಕಾರನ್ನ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿದ್ದೀರಾ?"

ಕಲೈವಾಣಿ ತಮಿಳಿನಲ್ಲೇ ಕೇಳಿದಳು. ಸೇಲಂನ ಆ ಕಾರ್ ಶೋರೂಮಿನಲ್ಲಿ ವಾರಂಟಿ ನೋಡಿಕೊಳ್ಳುವುದು ಅವಳ ಕೆಲಸ. ಈ ಪ್ರಶ್ನೆಗೆ ಎಲ್ಲರೂ 'ಇಲ್ಲ' ಎಂದೇ ಹೇಳುತ್ತಾರೆ. ಅವಳು ಆಗಲೇ 'ಇಲ್ಲ' ಎಂದು ಬರೆದುಕೊಳ್ಳಲು ಪೆನ್ನು ಊರಿದ್ದಳು.

"ಓಡಿಸಿದ್ದೀನಿ" ಎಂದ ಎದುರಿಗೆ ನಿಂತಿದ್ದ ಯುವಕ.

ಅವಳು ಥಟ್ಟನೆ ತಲೆಯೆತ್ತಿದಳು!

ಅವನ ಹಿಂದೆ, ಲಾರಿಯ ಮೇಲಿಂದ ಈಗಷ್ಟೇ ಇಳಿಸಿದ ಕೆಂಪು ಕಾರು. ಕಂಪನಿಯ ಅತಿ ವೇಗದ ಮಾಡೆಲ್. ಅದರ ಮೂತಿ ಜಜ್ಜಿಹೋಗಿತ್ತು.

"ಕೊಯಮತ್ತೂರು ಕಡೆಯ ಟ್ರ್ಯಾಕ್. ಮೊದಲ ಸುತ್ತಿನಲ್ಲೇ ಬ್ರೇಕ್ ಪೆಡಲ್ ಪೂರ್ತಿ ಕೆಳಗಿಳಿಯಿತು. ಅಂಚಿನಲ್ಲಿ ಪೇರಿಸಿದ್ದ ಟೈರ್‌ಗಳ ಗೋಡೆಗೆ ಗುದ್ದಿದೆ."

"ರೇಸಾ?"

"ಅಲ್ಲ."

ಕಲೈವಾಣಿ ಪಕ್ಕದ ಮೇಜಿನ, ತನ್ನದೇ ಬೀದಿಯ ಮೇನಕಾಳತ್ತ ಬಾಗಿ, ಮನೆಮಾತಿನಲ್ಲಿ ಪಿಸುಗುಟ್ಟಿದಳು. "ನೋಡೇ, ಅರ್ಧ ನಿಜ ಏಳ್ತಾನೆ, ಇನ್ನರ್ಧ ನುಂಗ್ತಾನೆ..."

"ನುಂಗಕ್ಕೆ ಏನೂ ಉಳಿದಿಲ್ಲ ಮೇಡಂ. ಇದ್ದಿದ್ದೆಲ್ಲ ಏಳ್ಬಿಟ್ಟೆ."

ಕನ್ನಡ! ಅಚ್ಚ ಮನೆಯ ಕನ್ನಡ!

ಅವಳ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ತಾನಿರುವ ಅಮ್ಮಾಪೇಟೆಯ ನೇಕಾರರ ಬೀದಿ ಬಿಟ್ಟರೆ ಈ ಊರಿನಲ್ಲಿ ಆ ಮಾತು ಅವಳ ಕಿವಿಗೆ ಬೀಳುವುದೇ ಅಪರೂಪ. ಅಂಥದ್ದರಲ್ಲಿ ಶೋರೂಮಿನೊಳಗೆ, ಬೈಸಿಕೊಂಡವನ ಬಾಯಿಂದಲೇ...

ಅವನು ವಿಶ್ವನಾಥನ್. ಶಂಕಗಿರಿಯಲ್ಲಿ ಅವನ ತಂದೆಯ ಲಾರಿ ಕಂಪನಿ ಇತ್ತು.

ಅಷ್ಟರಲ್ಲಿ ಮ್ಯಾನೇಜರ್ ಸುಬ್ಬರಾಯನ್ ಬಂದರು. 'ಟ್ರ್ಯಾಕ್' ಎಂಬ ಒಂದೇ ಪದ ಸಾಕಾಯಿತು. "ಟ್ರ್ಯಾಕಿಗೆ ಹೋದ ಕಾರಿಗೆ ವಾರಂಟಿ ಇಲ್ಲ. ಮುಗಿಯಿತು."

"ನಿಮ್ಮ ಷರತ್ತಿನಲ್ಲಿ ರೇಸ್, ಸ್ಪರ್ಧೆ ಅಂತ ಇದೆ ಸಾರ್. ಟ್ರ್ಯಾಕ್ ಅಂತ ಎಲ್ಲೂ ಇಲ್ಲ" ಎಂದ ವಿಶ್ವನಾಥನ್. ಅವನ ಧ್ವನಿ ಏರಲಿಲ್ಲ. "ಮೂತಿ ರಿಪೇರಿ ನಾನೇ ಮಾಡಿಸಿಕೊಳ್ತೀನಿ. ಬ್ರೇಕನ್ನ ಮಾತ್ರ ಕಂಪನಿಯ ಎಂಜಿನಿಯರ್ ಬಿಚ್ಚಿ ನೋಡಲಿ. ಇದೇ ಮಾಡೆಲ್ ಕಾರು ಬೇರೆಯವರ ಹತ್ತಿರವೂ ಇದೆಯಲ್ಲ?"

ಎಂಜಿನಿಯರ್ ಬರಬೇಕಾದರೆ 'ಇದು ವಾರಂಟಿಗೆ ಸೇರುತ್ತದೆ' ಎಂದು ಕಲೈವಾಣಿಯ ವರದಿ ಹೋಗಬೇಕು. ಸುಬ್ಬರಾಯನ್ ಅವಳನ್ನು ದುರುಗುಟ್ಟಿ ನೋಡಿದರು. ವಿಶ್ವನಾಥನ್ ಕೂಡ ನೋಡಿದ. ಆದರೆ ಅವನ ನೋಟವೇ ಬೇರೆ...

"ಪರಿಶೀಲಿಸಿ ಹೇಳ್ತೀನಿ ಸಾರ್" ಎಂದಳು ಅವಳು. ಮ್ಯಾನೇಜರರ ಮುಖ ಗಂಟಾಯಿತು.

ಆಮೇಲೆ ಅವನು ಆಗಾಗ ಬಂದ. ಕೇಳಬೇಕಾದ್ದು ಫೋನಿನಲ್ಲೇ ಮುಗಿಯುವಂತಿದ್ದರೂ ಬಂದ. ಶೋರೂಮಿನ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ಇಬ್ಬರೂ ಕನ್ನಡದಲ್ಲಿ ಶುರು ಮಾಡಿ, ತಮಿಳಿಗೆ ಜಾರಿ, ಮತ್ತೆ ಕನ್ನಡಕ್ಕೆ ಮರಳುತ್ತಿದ್ದರು.

"ಅಷ್ಟು ಸ್ಪೀಡು ಯಾಕ್ ಬೇಕು ನಿಮ್ಗೆ?" ಒಮ್ಮೆ ಕೇಳಿಯೇಬಿಟ್ಟಳು.

"ಇಷ್ಟ, ಅಷ್ಟೇ. ಆದ್ರೆ ರೋಡ್ನಾಗೆ ಓಡಿಸಿದ್ರೆ ಇನ್ನೊಬ್ರ ಮನೆ ಆಳಾಗ್ತದೆ. ಅದ್ಕೇ ಟ್ರ್ಯಾಕಿಗೆ ಓಗ್ತೀನಿ."

"ಬ್ರೇಕ್ ಓದಾಗ ಭಯ ಆಗ್ಲಿಲ್ವಾ?"

"ಆಗ್ದೆ ಇರ್ತದಾ? ಕೈ ಗಡಗಡ ಅಂತಿತ್ತು. ಸ್ಟೀರಿಂಗ್ ಪಕ್ಕ ಬೆರಳಿಗೆ ಸಿಗೋ ಪ್ಯಾಡಲ್ ಒತ್ತಿ ಒತ್ತಿ ಗೇರ್ ಇಳಿಸ್ದೆ. ಪಾರ್ಕಿಂಗ್ ಬ್ರೇಕ್ ಸ್ವಿಚ್ ಎತ್ತಿ ಇಡ್ಕೊಂಡೆ. ಇಡ್ಕೊಂಡೇ ಇದ್ದೆ, ಬಿಡ್ಲಿಲ್ಲ."

ಭಯವಾಯಿತು ಎಂದು ಒಪ್ಪಿಕೊಳ್ಳುವ ಗಂಡಸನ್ನು ಅವಳು ಅದೇ ಮೊದಲ ಸಲ ನೋಡಿದ್ದು. ಅಂದು ಟೀ ಲೋಟ ಕೆಳಗಿಡುವಾಗ ಅವಳಿಗೆ ಗೊತ್ತಾಗಿಹೋಯಿತು... ಮನಸ್ಸು ತನ್ನ ಕೈಯಲ್ಲಿಲ್ಲ!

ಮರುದಿನ ಸುಬ್ಬರಾಯನ್ ತಮ್ಮ ಫೋನನ್ನು ಅವಳ ಮೇಜಿನ ಮೇಲೆ ತಳ್ಳಿದರು.

"ನಿನ್ನ ಸತ್ಯಹರಿಶ್ಚಂದ್ರನನ್ನು ನೋಡಮ್ಮ."

ಯಾರೋ ಇಂಟರ್ನೆಟ್ಟಿಗೆ ಹಾಕಿದ್ದ ಹಳೆಯ ವೀಡಿಯೊದಲ್ಲಿ ಅದೇ ಕೆಂಪು ಕಾರು, ಮೂತಿ ಇನ್ನೂ ಜಜ್ಜಿರಲಿಲ್ಲ. ಬಾಗಿಲ ಮೇಲೆ ದೊಡ್ಡ ನಂಬರಿನ ಸ್ಟಿಕ್ಕರ್. ಅದು ಗೆರೆ ದಾಟುತ್ತಿದ್ದಂತೆ ಒಬ್ಬ ರೇಸ್ ಮುಗಿದಾಗ ಬೀಸುವ ಕಪ್ಪು ಬಿಳಿ ಚೌಕಳಿಯ ಬಾವುಟ ಬೀಸಿದ. ಕಾರಿನಿಂದ ಇಳಿದು ಹೆಲ್ಮೆಟ್ ತೆಗೆದು ನಕ್ಕವನು... ವಿಶ್ವನಾಥನ್.

ಕಲೈವಾಣಿ ವೀಡಿಯೊವನ್ನು ಇನ್ನೊಮ್ಮೆ ಹಾಕಿ ನೋಡಿದಳು.

'ರೇಸ್ ಅಲ್ಲ ಅಂದೆಯಲ್ಲ! ನನ್ನ ಕಣ್ಣು ನೋಡಿ ಅಂದೆಯಲ್ಲ! ಟೀ, ಕನ್ನಡ, ನಗು... ಎಲ್ಲ ಈ ವರದಿಗೋಸ್ಕರವೇ?'

ಅವಳು ಬರೆದಳು: ಕಾರನ್ನು ಸ್ಪರ್ಧೆಯಲ್ಲಿ ಬಳಸಲಾಗಿದೆ, ವಾರಂಟಿ ಅನ್ವಯಿಸುವುದಿಲ್ಲ. ಸಹಿ ಹಾಕುವಾಗ ಅಕ್ಷರಗಳು ಮಂಜಾದವು. ಆದರೂ ಹಾಕಿದಳು.

ಸುದ್ದಿ ತಿಳಿದು ವಿಶ್ವನಾಥನ್ ಓಡಿ ಬಂದ.

"ಕಲೈವಾಣಿ, ನಾನ್ ಏಳೋದು ಒಸಿ ಕೇಳಿ..."

"ಕೇಳಿದ್ದು ಸಾಕು! ವೀಡಿಯೊ ನೋಡಿದ್ದೀನಿ."

"ಯಾವ ವೀಡಿಯೊ?"

"ನಟನೆ ಬ್ಯಾಡ. ಓಗಿ ಇಲ್ಲಿಂದ."

ಅವನು ಬಾಗಿಲ ಕಡೆ ಹೊರಟ. ಕೋಪವಿರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು!

ಬಾಗಿಲಲ್ಲಿ ತಿರುಗಿ ಒಂದೇ ಮಾತು ಹೇಳಿದ. "ನನ್ನ ಬ್ಯಾಡ ಅನ್ನಿ, ಸರಿ. ಆದ್ರೆ ನಿಮ್ಮ ಡೆಮೊ ಕಾರೂ ಇದೇ ಮಾಡೆಲ್. ಅದ್ನ ಮಾತ್ರ ನೀವು ಓಡಿಸ್ಬ್ಯಾಡಿ."

'ಬೆದರಿಸುತ್ತಾನೆ!' ಎಂದುಕೊಂಡಳು.

ಅದೇ ತಿಂಗಳು ಧರ್ಮಪುರಿಯಲ್ಲಿ ಕಾರುಗಳ ಪ್ರದರ್ಶನ ನಡೆಯಿತು. ಮುಗಿದ ಮಧ್ಯಾಹ್ನ ಡೆಮೊ ಕಾರನ್ನು ಸೇಲಂಗೆ ವಾಪಸ್ ತರುವ ಕೆಲಸ ಕಲೈವಾಣಿಗೆ ಬಂತು. ಪಕ್ಕದ ಸೀಟಿನಲ್ಲಿ ಮೇನಕಾ. ಅವನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಗಿಯೇ, ಹಟಕ್ಕೆ ಬಿದ್ದು ಸ್ಟೀರಿಂಗ್ ಹಿಡಿದಿದ್ದಳು.

ತೊಪ್ಪೂರು ಘಾಟಿ ಶುರುವಾಯಿತು. ಮುಂದೆ ಸಾಲು ಸಾಲು ಲಾರಿಗಳು ಮೆಲ್ಲಗೆ ಇಳಿಯುತ್ತಿದ್ದವು. ಕಲೈವಾಣಿ ಬ್ರೇಕಿನ ಮೇಲೆ ಕಾಲಿಟ್ಟಳು.

ಪೆಡಲ್ ಮೆತ್ತಗಿತ್ತು.

ಇನ್ನೊಮ್ಮೆ ಒತ್ತಿದಳು. ಅದು ಒದ್ದೆ ಹತ್ತಿಯ ಹಾಗೆ ಪೂರ್ತಿ ಕೆಳಗಿಳಿಯಿತು!

"ಮೇನಕಾ... ಬ್ರೇಕ್ ಇಲ್ಲ."

"ಏನೇ ಅಂತೀಯ?!"

ಕಾರು ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಮುಂದಿನ ಲಾರಿಯ ಹಿಂಬದಿಯ ಅಕ್ಷರಗಳು ದೊಡ್ಡವಾಗುತ್ತ ಬಂದವು. ಮೇನಕಾ "ಮಾರಿಯಮ್ಮಾ!" ಎಂದು ಚೀರಿದಳು.

ಆ ಕ್ಷಣ ಕಲೈವಾಣಿಗೆ ಕೇಳಿಸಿದ್ದು ಅವನ ಧ್ವನಿ. *ಪ್ಯಾಡಲ್ ಒತ್ತಿ ಒತ್ತಿ ಗೇರ್ ಇಳಿಸ್ದೆ...*

ಒತ್ತಿದಳು. ಎಂಜಿನ್ ಅರಚಿತು. ಮತ್ತೆ ಒತ್ತಿದಳು. ಕಾರು ಹಿಂದಕ್ಕೆ ಜಗ್ಗಿದಂತಾಯಿತು, ಆದರೂ ಸಾಲದು! ಹಾರ್ನ್ ಬಾರಿಸುತ್ತ ರಸ್ತೆಯ ಅಂಚಿಗೆ ತಂದು, ಪಾರ್ಕಿಂಗ್ ಬ್ರೇಕ್ ಸ್ವಿಚ್ಚನ್ನು ಎತ್ತಿ ಹಿಡಿದಳು.

*ಇಡ್ಕೊಂಡೇ ಇದ್ದೆ, ಬಿಡ್ಲಿಲ್ಲ...*

ಬೆರಳು ನೋಯುತ್ತಿತ್ತು. ಬಿಡಲಿಲ್ಲ. ಹಿಂದಿನ ಚಕ್ರಗಳು ಕಿರುಗುಟ್ಟಿದವು. ಲಾರಿಯ ಪಕ್ಕದಲ್ಲೇ ಉಜ್ಜಿದಂತೆ ಸಾಗಿ, ಕಾರು ಗುಡ್ಡದ ಬದಿಯ ಮಣ್ಣಿನ ದಿಬ್ಬಕ್ಕೆ ಮೂತಿ ಹೂತು ನಿಂತಿತು.

ಧೂಳು... ನಿಶ್ಶಬ್ದ... ಆಮೇಲೆ ಮೇನಕಾಳ ಅಳು.

ಇಬ್ಬರಿಗೂ ಏನೂ ಆಗಿರಲಿಲ್ಲ. ಕಲೈವಾಣಿ ಇಳಿದು ರಸ್ತೆ ಬದಿಯಲ್ಲಿ ಕುಳಿತಳು. ಈ ಕಾರು ಯಾವ ಟ್ರ್ಯಾಕಿಗೂ ಹೋಗಿರಲಿಲ್ಲ! ಅವನು ಬೆದರಿಸಿರಲಿಲ್ಲ. ತನ್ನನ್ನು ಹೊರಗಟ್ಟಿದವಳ ಜೀವಕ್ಕಾಗಿ ಹೆದರಿದ್ದ...

ಮ್ಯಾನೇಜರಿಗೆ ಫೋನ್ ಮಾಡಿದಳು.

"ಯಾರಿಗೂ ಹೇಳಬೇಡ. ಸದ್ದಿಲ್ಲದೆ ಎಳೆಸಿಕೊಂಡು ಬಂದು ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸು. ಮಾಡೆಲ್ ಹೆಸರು ಕೆಟ್ಟರೆ ಒಂದು ಕಾರೂ ಹೋಗಲ್ಲ" ಎಂದರು ಸುಬ್ಬರಾಯನ್. ಪೆಟ್ಟಾಯಿತೇ ಎಂದು ಕೇಳಲಿಲ್ಲ.

ಅವಳು ಫೋನ್ ಇಟ್ಟಳು. ಇಂಟರ್ನೆಟ್ಟಿನಲ್ಲಿ ಆ ವೀಡಿಯೊ ತೆಗೆದು, ಮೊದಲೇ ಮಾಡಬೇಕಿದ್ದ ಕೆಲಸ ಈಗ ಮಾಡಿದಳು. ಹಿನ್ನೆಲೆಯ ಬ್ಯಾನರಿನಲ್ಲಿ ಒಂದು ಡ್ರೈವಿಂಗ್ ತರಬೇತಿ ಶಾಲೆಯ ನಂಬರಿತ್ತು. ಕರೆ ಮಾಡಿದಳು.

"ರೇಸಾ? ನಾವು ರೇಸ್ ನಡೆಸುವುದೇ ಇಲ್ಲಮ್ಮ" ಎಂದರು ಆ ಕಡೆಯವರು. "ಕಾರಿನ ಮೇಲಿನ ನಂಬರು ಮೈಕಿನಲ್ಲಿ ಕರೆಯೋದಕ್ಕೆ. ಬಾವುಟ ಬೀಸಿದರೆ ಪಾಠ ಮುಗಿಯಿತು, ಹೊರಗೆ ಬನ್ನಿ ಅಂತ."

ಒಂದು ಫೋನ್ ಕರೆ! ಅಷ್ಟೇ ಸಾಕಾಗಿತ್ತು. ಅಥವಾ ಬಾಗಿಲಲ್ಲಿ ನಿಂತವನ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು...

ಸಂಜೆ ಮನೆಗೆ ಬಂದವಳನ್ನು ಕಂಡು ತಾಯಿ ಚೆಲ್ಲಮ್ಮ ಮಗ್ಗದಿಂದ ಎದ್ದೇಬಿಟ್ಟರು. "ಯಾಕಮ್ಮಿ, ಮುಖ ಇಂಗೈತೆ?"

ಎಲ್ಲ ಹೇಳಿ ಅತ್ತಳು. "ನಿಜ ಬರೆದ್ರೆ ಕೆಲಸ ಓಗ್ತದಮ್ಮ."

"ಬರೀದೆ ಇದ್ರೆ ಇನ್ಯಾರ್ದೋ ಮಗು ಓಗ್ತದೆ. ಬರಿ. ಗಂಜಿಗೆ ಮಗ್ಗ ಐತೆ."

ಅವಳು ಅಲ್ಲೇ ಕುಳಿತು ಕಂಪನಿಯ ಚೆನ್ನೈ ಕಚೇರಿಗೆ ಬರೆದಳು. ತನ್ನ ವರದಿ ತಪ್ಪು. ಟ್ರ್ಯಾಕಿಗೆ ಹೋದ ಕಾರು, ಹೋಗದ ಕಾರು, ಎರಡರ ಬ್ರೇಕೂ ಒಂದೇ ರೀತಿ ಹೋಗಿದೆ. ಎರಡನ್ನೂ ಬಿಚ್ಚಿ ನೋಡಿ.

ಎಂಜಿನಿಯರುಗಳು ಬಂದರು. ಎರಡರಲ್ಲೂ ಬ್ರೇಕ್ ಎಣ್ಣೆ ತಡೆಯುವ ಒಂದು ರಬ್ಬರ್ ಸೀಲು ಸೀಳಿತ್ತು. ತಯಾರಿಕೆಯ ದೋಷ. ಆ ಮಾಡೆಲಿನ ಕಾರುಗಳನ್ನೆಲ್ಲ ಸೀಲು ಬದಲಿಸಲು ವಾಪಸ್ ಕರೆಸಲಾಯಿತು. ವಿಶ್ವನಾಥನ್ ಕಾರಿಗೆ ಪೂರ್ತಿ ವಾರಂಟಿ ಸಿಕ್ಕಿತು. ಕಲೈವಾಣಿಯ ಕೆಲಸ ಹೋಗಲಿಲ್ಲ. ಆದರೆ ಸುಬ್ಬರಾಯನ್ ಅವಳನ್ನು ಬಿಡಿಭಾಗಗಳ ಕೌಂಟರಿಗೆ ಹಾಕಿ, ಮಾತು ಬಿಟ್ಟರು.

ವಿಶ್ವನಾಥನ್ ಮಾತ್ರ ಬರಲೇ ಇಲ್ಲ. ರಿಪೇರಿಯಾದ ಕಾರನ್ನು ಒಯ್ಯಲು ಡ್ರೈವರನ್ನು ಕಳಿಸಿದ.

ಭಾನುವಾರ ಅವಳು ಶಂಕಗಿರಿಯ ಬಸ್ಸು ಹತ್ತಿದಳು.

ಲಾರಿ ಶೆಡ್ಡಿನಲ್ಲಿ ಅವನು ಯಾರೊಂದಿಗೋ ಟೈರಿನ ಬಗ್ಗೆ ಮಾತಾಡುತ್ತಿದ್ದ. ಅವಳನ್ನು ಕಂಡು ಮಾತು ಅರ್ಧಕ್ಕೆ ನಿಂತಿತು. ಜೊತೆಗಿದ್ದವರು ಮೆಲ್ಲನೆ ದೂರ ಸರಿದರು.

"ವಾರಂಟಿ ವಿಷಯಕ್ಕಾ?" ಎಂದ, ನೆಲ ನೋಡುತ್ತ.

"ಅಲ್ಲ. ನನ್ನ ವಿಷಯಕ್ಕೆ" ಎಂದಳು ಅವಳು. "ತೊಪ್ಪೂರಲ್ಲಿ ನೀವು ಏಳಿದ್ದೇ ನನ್ನ ಕಾಪಾಡ್ತು. ಆದ್ರೆ ನೀವು ಏಳಕ್ಕೆ ಬಂದಾಗ ನಾನು ಕೇಳ್ಲಿಲ್ಲ. ಮನ್ನಿಸಿಬಿಡಿ."

"ಮೇನಕಾ ಫೋನ್ ಮಾಡಿ ಎಲ್ಲ ಏಳಿದ್ರು." ಅವನ ಧ್ವನಿ ಒಡೆಯಿತು. "ಅವತ್ತಿಂದ ನಿದ್ದೆ ಇಲ್ಲ ನಂಗೆ. ಕಣ್ಮುಚ್ಚಿದ್ರೆ ಆ ಇಳಿಜಾರು, ಅದ್ರೊಳಗೆ ನೀವು... ಏನಾರ ಆಗಿದ್ರೆ?"

"ಮತ್ತೆ ಯಾಕ್ ಬರ್ಲಿಲ್ಲ?"

"ಬಂದ್ರೆ ಮತ್ತೆ 'ಓಗಿ' ಅಂದ್ಬಿಟ್ರೆ? ಇನ್ನೊಂದ್ಸಲ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ, ಕಲೈ."

ಕಲೈ! ಮೇಡಂ ಅಲ್ಲ, ಕಲೈವಾಣಿಯೂ ಅಲ್ಲ...

ಅವಳ ಕಣ್ಣು ತುಂಬಿ ಹರಿಯಿತು. "ಈ ಜನ್ಮದಾಗೆ ಅನ್ನಲ್ಲ. ನಂಗೆ ನೀವು ಬೇಕು."

ಅವನು ಒಂದು ಹೆಜ್ಜೆ ಮುಂದೆ ಬಂದ. ಗ್ರೀಸ್ ಮೆತ್ತಿದ ತನ್ನ ಕೈಯನ್ನು ಚಾಚಿ, ಅದರ ಕೊಳೆ ಕಂಡು ಹಿಂದೆಗೆಯಲು ಹೋದ. ಅವಳೇ ಅದನ್ನು ಸೆರಗು ಸಮೇತ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸೀರೆ ಕೊಳೆ ಆಗ್ತದೆ" ಎಂದ ಮೆಲ್ಲಗೆ.

"ಆಗ್ಲಿ. ನಮ್ಮಮ್ಮ ನೇದಿದ್ದು. ಯಾರು ಮಾಡಿದ್ದು ಈ ಕಲೆ ಅಂತ ಕೇಳ್ತಾಳೆ."

"ಏನ್ ಏಳ್ತೀಯ?"

"ನೀವೇ ಬಂದು ಏಳಿ."

"ಯಾವಾಗ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಸೇಲಂ ಬಸ್ಸು ಈಗ್ಲೇ ಐತೆ."