ನಾಲ್ಕು ಬೆರಳು ಮೋಟಾದ ಅಳತೆಕೋಲು

೧೯೬೩ರ ಜುಲೈ ೧೭, ಬುಧವಾರ. ಬೆಳಗ್ಗೆ ಹನ್ನೊಂದೂಕಾಲಕ್ಕೆ ಕುದ್ರಡ್ಕದ ಪಟೇಲ ಕುಶಾಲಪ್ಪ ಗೌಡರು ಕಡಬದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಹಿಂದೆ ಇಪ್ಪತ್ತು ಜನ; ನಡುವೆ ಮೋಟಾರ್ ದೋಣಿಯ ಚಾಲಕ ಇಬ್ರಾಹಿಂ, ತೋಯ್ದು ತೊಪ್ಪೆಯಾಗಿ. ಅವನ ತುಟಿ ಒಡೆದು ರಕ್ತ ಬರುತ್ತಿತ್ತು. ಹೊಡೆದವರಾರೆಂದು ಸಬ್ ಇನ್‌ಸ್ಪೆಕ್ಟರ್ ಯಜ್ಞೇಶ್ವರ ಕೇಳಿದರೆ ಎಲ್ಲರೂ ನೆಲ ನೋಡಿದರು.

ಪಟೇಲರು ದೂರು ಹೇಳಿದರು. ಎಂಟೂವರೆಗೆ ಕುದ್ರಡ್ಕ ಕಡವಿನಲ್ಲಿ ಎಂಟು ಜನರನ್ನು ಹತ್ತಿಸಿಕೊಂಡ ದೋಣಿಯ ಎಂಜಿನ್ ಕುಮಾರಧಾರೆಯ ನಡುವೆ ನಿಂತುಹೋಗಿತ್ತು. ನೆರೆಯ ಸೆಳೆತಕ್ಕೆ ದೋಣಿ ಬಂಡೆಗಳ ಎಡೆಗೆ ಬಡಿದು ವಾಲಿ, ಜನ ನೀರಿಗೆ ಬಿದ್ದಿದ್ದರು. ಏಳು ಜನರನ್ನು ಹಳೆಯ ಅಂಬಿಗ ಚನಿಯಪ್ಪ ತನ್ನ ಮರದ ದೋಣಿ ತಂದು ಉಳಿಸಿದ್ದ. ಬೋಜಪ್ಪನ ಹೆಂಡತಿ ದೇವಮ್ಮ ಮಾತ್ರ ಸಿಕ್ಕಿರಲಿಲ್ಲ. ಎಣ್ಣೆ ಇದೆಯೇ ಇಲ್ಲವೇ ಎಂದು ನೋಡದೆ ಇಬ್ರಾಹಿಂ ದೋಣಿ ಬಿಟ್ಟನೆಂಬುದು ದೂರು.

"ನೋಡಿದ್ದೆಯಾ?" ಎಂದು ಯಜ್ಞೇಶ್ವರ ಇಬ್ರಾಹಿಂನನ್ನು ಕೇಳಿದರು.

"ಬೆಳಗ್ಗೆ ಮೊದಲ ಸಲ ಬಿಡುವಾಗಲೇ ಕೋಲು ಹಾಕಿ ನೋಡಿದ್ದೇನೆ ಸ್ವಾಮಿ. ಕಾಲುಭಾಗದ ಮೊಳೆ ಮುಳುಗಿತ್ತು. ಅಷ್ಟಿದ್ದರೆ ಮಧ್ಯಾಹ್ನದವರೆಗೆ ಸಾಕು."

ಯಜ್ಞೇಶ್ವರ ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದಕ್ಕೆ ದಂಡ ಸಂಹಿತೆಯ ೩೦೪-ಎ ಕಲಮಿನಡಿ ಎಫ್‌ಐಆರ್ ಬರೆದರು. ಬರೆದ ಮೇಲೂ ಕುರ್ಚಿಯಲ್ಲಿ ಕೂರಲಾಗಲಿಲ್ಲ. ತಪ್ಪು ಮಾಡಿದವರು ಠಾಣೆಯಲ್ಲಿ ನೂರು ಕತೆ ಹೇಳುತ್ತಾರೆ; ಇವನು ಒಂದೇ ಮಾತನ್ನು ಮೂರು ಸಲ ಹೇಳಿದ್ದ. ಹೊರಗೆ ಜನ ಚದುರುತ್ತಿರಲಿಲ್ಲ, ಹೊಳೆ ಏರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಯಲುಸೀಮೆಯಿಂದ ವರ್ಗವಾಗಿ ಬಂದು ಮೂರು ತಿಂಗಳಾದ ಅವರಿಗೆ ಈಜು ಬರುತ್ತಿರಲಿಲ್ಲ.

ಒಂದೂವರೆಗೆ ಕಾನ್‌ಸ್ಟೇಬಲ್ ಸಂಕಪ್ಪನ ಜೊತೆ, ಇಬ್ರಾಹಿಂನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಕಡವಿಗೆ ಹೋಗಿ ಪಂಚನಾಮೆ ಶುರುಮಾಡಿದರು. ದಡಕ್ಕೆ ಎಳೆದು ಹಾಕಿದ್ದ ದೋಣಿಯ ಟ್ಯಾಂಕಿನ ಮುಚ್ಚಳ ಬಿಗಿಯಾಗಿಯೇ ಇತ್ತು. ಒಳಗೆ ತೊಟ್ಟು ಎಣ್ಣೆಯಿಲ್ಲ. ಸೋರಿದ ಗುರುತೂ ಇಲ್ಲ. ಲಾರಿಗಿರುವಂಥ, ಎಣ್ಣೆ ಎಷ್ಟಿದೆಯೆಂದು ತೋರಿಸುವ ಮುಳ್ಳು ಈ ದೋಣಿಗೇಕಿಲ್ಲವೆಂದು ಯಜ್ಞೇಶ್ವರ ಕೇಳಿದಾಗ, ಅದಕ್ಕೆ ಬ್ಯಾಟರಿ ಬೇಕು, ಈ ಎಂಜಿನ್ನು ಕೈಯಲ್ಲಿ ತಿರುಗಿಸಿ ಎಬ್ಬಿಸುವಂಥದು ಎಂದ ಇಬ್ರಾಹಿಂ. ಇಲ್ಲಿ ಅಳತೆಗೆ ಇದ್ದದ್ದು ಒಂದು ಸಾಗುವಾನಿ ಕೋಲು ಮಾತ್ರ. ಅದರ ಬುಡ ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಸಿ, ತೆಗೆದು, ಎಣ್ಣೆ ಯಾವ ಹಿತ್ತಾಳೆ ಮೊಳೆಯವರೆಗೆ ಒದ್ದೆ ಮಾಡಿದೆ ಎಂದು ನೋಡುವುದು. ಕಾಲು, ಅರ್ಧ, ಮುಕ್ಕಾಲು: ಮೂರು ಮೊಳೆ.

"ಟ್ಯಾಂಕಿಗೆ ಎಷ್ಟು ಹಿಡಿಯುತ್ತದೆ?"

"ಹನ್ನೆರಡು ಗ್ಯಾಲನ್."

ಹಾಗಾದರೆ ಕಾಲುಭಾಗವೆಂದರೆ ಮೂರು ಗ್ಯಾಲನ್. ಯಜ್ಞೇಶ್ವರ ದೋಣಿಯನ್ನು ಮಟ್ಟವಾಗಿ ನಿಲ್ಲಿಸಿ, ಪಂಚರ ಮುಂದೆ ಡಬ್ಬಿಯಿಂದ ಡೀಸೆಲ್ ಅಳೆದು ಹಾಕಿಸಿದರು. ಒಂದೂವರೆ ಗ್ಯಾಲನ್ನಿಗೇ ಕಾಲುಭಾಗದ ಮೊಳೆ ಒದ್ದೆಯಾಯಿತು.

ಪಂಚರು ಮುಖ ಮುಖ ನೋಡಿಕೊಂಡರು. ಇಬ್ರಾಹಿಂ ಕೋಲನ್ನು ಕಸಿದುಕೊಂಡು ಬುಡ ತಿರುಗಿಸಿ ನೋಡಿದ. ನಾಲ್ಕು ಬೆರಳಷ್ಟು ಯಾರೋ ಗರಗಸದಿಂದ ತೆಗೆದಿದ್ದರು. ಬುಡ ಮೋಟಾದಷ್ಟೂ ಮೊಳೆ ಕೆಳಗಿಳಿದಿತ್ತು. ಇಲ್ಲದ ಎಣ್ಣೆಯನ್ನು ಕೋಲು ಇದೆಯೆಂದು ತೋರಿಸಿತ್ತು. ದಿನವೂ ಮೊಳೆಯನ್ನೇ ನೋಡುತ್ತಿದ್ದ ಇಬ್ರಾಹಿಂ ಬುಡ ನೋಡಿದವನಲ್ಲ. ಅವನು ಮರಳಿನ ಮೇಲೆ ಕುಸಿದು ಕುಳಿತು ಸದ್ದಿಲ್ಲದೆ ಅತ್ತ.

ಹೊಸ ಕೊಯ್ತ ಬೆಳ್ಳಗೆ ಕಾಣದಂತೆ ಅದಕ್ಕೆ ಕಪ್ಪಾದುದೇನನ್ನೋ ಬಳಿದಿದ್ದರು. ಯಜ್ಞೇಶ್ವರ ಬೆರಳಿನಿಂದ ಒತ್ತಿ ನೋಡಿದರು. ಸ್ವಲ್ಪ ಹೊತ್ತಿಗೆ ಬೆರಳ ತುದಿ ಉರಿಯತೊಡಗಿತು.

"ತೊಳೆಯಿರಿ ಸ್ವಾಮಿ, ಅದು ಗೇರೆಣ್ಣೆ," ಎಂದ ಸಂಕಪ್ಪ. "ಗೇರುಬೀಜದ ಸಿಪ್ಪೆಯದ್ದು. ಚರ್ಮ ಸುಡ್ತದೆ. ಮರದ ದೋಣಿಗೆ ಹಚ್ಚುದು."

ಆ ಕಡವಿನಲ್ಲಿ ಮರದ ದೋಣಿ ಇದ್ದದ್ದು ಒಂದೇ. ಬೆಳಗಿನಿಂದ ಎಲ್ಲರ ಬಾಯಲ್ಲೂ ಅದರ ಒಡೆಯನದೇ ಹೆಸರು. ಅವನಿಗೆ ಬಹುಮಾನ ಕೊಡಿಸಬೇಕೆಂದು ಪಟೇಲರು ಕಲೆಕ್ಟರರಿಗೆ ಅರ್ಜಿ ಕೂಡ ಬರೆಸುತ್ತಿದ್ದರು. ಯಜ್ಞೇಶ್ವರ ಮರಳಿನ ಮೇಲೆ ಅತ್ತಿಂದಿತ್ತ ನಡೆದರು. ಆಮೇಲೆ ಪಂಚರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಜನವರಿಯಲ್ಲಿ ಮೋಟಾರ್ ದೋಣಿ ಬಂದಂದಿನಿಂದ ಚನಿಯಪ್ಪನ ದೋಣಿ ಆಚೆ ದಡದಲ್ಲಿ ಕವುಚಿ ಬಿದ್ದಿತ್ತು. ಸೋಮವಾರ ಅವನು ಅದಕ್ಕೆ ಗೇರೆಣ್ಣೆ ಹಚ್ಚುತ್ತಿದ್ದುದನ್ನು ಒಬ್ಬ ಕಂಡಿದ್ದ.

ನಾಲ್ಕು ಗಂಟೆಗೆ ಸಂಕಪ್ಪ ಆಚೆ ದಡದತ್ತ ಕೂಗಿ ಕರೆದ. ಅರವತ್ತು ದಾಟಿದ ಚನಿಯಪ್ಪ ನೆರೆಯನ್ನು ಓರೆಯಾಗಿ ಸೀಳಿಕೊಂಡು ಬಂದು, ಇಬ್ಬರು ಪೊಲೀಸರನ್ನೂ ಆಚೆ ದಡದ ತನ್ನ ಗುಡಿಸಲಿಗೆ ದಾಟಿಸಿದ. ಯಜ್ಞೇಶ್ವರ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕುಳಿತಿದ್ದರು. ಗುಡಿಸಲ ಜಗಲಿಯಲ್ಲಿ ಗರಗಸವಿತ್ತು, ಅದರ ಹಲ್ಲಿನಲ್ಲಿ ಸಾಗುವಾನಿ ಹುಡಿ.

"ಇವತ್ತು ದೋಣಿ ನೀರಿಗಿಳಿಸಿದ್ದು ಎಷ್ಟು ಹೊತ್ತಿಗೆ?"

"ಏಳಕ್ಕೆ."

"ಎಂಜಿನ್ ನಿಂತದ್ದು ಎಂಟೂವರೆಗೆ."

"ನೆರೆ ಉಂಟಲ್ಲ ಸ್ವಾಮಿ. ಎಂತಾದರೂ ಆದರೆ ಅಂತ."

"ಆರು ತಿಂಗಳಲ್ಲಿ ಇಳಿಸದವರು ಇವತ್ತೇ ಯಾಕೆ ಇಳಿಸಿದಿರಿ?"

ಯಜ್ಞೇಶ್ವರ ಕೋಲನ್ನು ಅವನ ಮುಂದಿಟ್ಟರು. ಅವನು ಅದನ್ನು ಮುಟ್ಟಲಿಲ್ಲ.

"ದೇವಮ್ಮ ಸಿಕ್ಕಿದಳಾ?" ಎಂದು ಕೇಳಿದ.

"ಇಲ್ಲ."

ಆಗ ಹೇಳಿದ. ಮೂವತ್ತನಾಲ್ಕು ವರ್ಷ ಈ ಕಡವಿನಲ್ಲಿ ಮದುಮಕ್ಕಳನ್ನು, ಬಾಣಂತಿಯರನ್ನು, ಹೆಣಗಳನ್ನು ದಾಟಿಸಿದವನು ತಾನೇ. ಮೋಟಾರು ಬಂದ ಮೇಲೆ ದಾರಿಯಲ್ಲಿ ಸಿಕ್ಕವರು ಉಂಡೆಯಾ ಎಂದು ಸಹ ಕೇಳುತ್ತಿರಲಿಲ್ಲ. ಒಂದು ದಿನ ಅದು ನಡುನೀರಿನಲ್ಲಿ ಕೈಕೊಟ್ಟರೆ, ತಾನು ಹೋಗಿ ಎಲ್ಲರನ್ನೂ ತಂದರೆ, ಊರಿಗೆ ತನ್ನ ನೆನಪಾದೀತು. ಮಂಗಳವಾರ ಇಬ್ರಾಹಿಂ ದೋಣಿಯನ್ನು ಈ ದಡದಲ್ಲಿ ಕಟ್ಟಿ ಊಟಕ್ಕೆ ಹೋದಾಗ ಕೋಲು ಕೊಯ್ದಿದ್ದ.

"ಒಬ್ಬರೂ ಸಾಯುದಿಲ್ಲ ಅಂತ ಲೆಕ್ಕ ಹಾಕಿದ್ದೆ ಸ್ವಾಮಿ. ಬಂಡೆಗೆ ಬಡಿಯುವ ಮೊದಲೇ ಮುಟ್ತೇನೆ ಅಂತ. ಕೈ ಮೊದಲಿನ ಹಾಗೆ ಇಲ್ಲ. ಅದು ನನಗೆ ಗೊತ್ತಿರಲಿಲ್ಲ."

ಐದೂಮುಕ್ಕಾಲಕ್ಕೆ ದಸ್ತಗಿರಿಯ ಮಾತು ತಿಳಿಸಿದರು. ಈಚೆ ದಡಕ್ಕೆ ಮರಳಲು ಬೇರೆ ದೋಣಿಯಿಲ್ಲ. ಆರೋಪಿಯೇ ಪೊಲೀಸರನ್ನು ದಾಟಿಸಿದ. ಈ ಸಲ ಯಜ್ಞೇಶ್ವರರ ಕಣ್ಣು ನೀರಿನ ಮೇಲಿರಲಿಲ್ಲ, ಹುಟ್ಟು ಹಾಕುವ ಆ ತೋಳುಗಳ ಮೇಲಿತ್ತು. ಅವು ನಡುಗುತ್ತಿದ್ದವು.

ದಡದಲ್ಲಿ ಬೋಜಪ್ಪ ಕಾಯುತ್ತಿದ್ದ. ವಿಷಯ ಅವನಿಗೆ ಗೊತ್ತಾಗಿರಲಿಲ್ಲ. ಮೊಣಕಾಲು ನೀರಿಗಿಳಿದು ಬಂದು ಚನಿಯಪ್ಪನ ಕೈ ಹಿಡಿದ. "ನನ್ನವಳ ಕೈ ಕಡೆಯವರೆಗೆ ನೀವು ಬಿಡಲಿಲ್ಲವಂತೆ ಅಣ್ಣ," ಎಂದ.

ಚನಿಯಪ್ಪ ಕೈ ಬಿಡಿಸಿಕೊಂಡು ಸಂಕಪ್ಪನತ್ತ ತಿರುಗಿದ.

"ಕೋಳ ಹಾಕಿ ಮಾರಾಯ್ರೆ," ಎಂದ. "ಇವರಿಗೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."