ಷರಾ ಕಾಲಂ

ಐದು ವರ್ಷ ಮುಖ ತೋರಿಸದಿದ್ದ ಪಂಚಮಿ, ಹಳೇ ಸಿಪಿಯು ಎತ್ತಿಕೊಂಡು ಕಳಸದ ನನ್ನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಹಿಡಿದುಕೊಳ್ಳಲು ಎದ್ದೆ, ಕೊಡಲಿಲ್ಲ. ತಾನೇ ಟೇಬಲ್ ಮೇಲಿಟ್ಟು ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ನೋಡಬಾರದಿತ್ತು, ನೋಡಿದೆ.

“ಇದಕ್ಕೆ ಎಸ್‌ಎಸ್‌ಡಿ ಹಾಕಿಕೊಡಿ,” ಎಂದಳು.

‘ಏ ಮಾರಾಯ’ ಎನ್ನುತ್ತಿದ್ದ ಬಾಯಿ ಅದು. ಆ ‘ಕೊಡಿ’ ಚುಚ್ಚಿತು.

ಮುಂದಿನ ವಾರ ಮದುವೆಯಂತೆ, ಹುಡುಗ ಆಲ್ದೂರಿನವನಂತೆ. ಇನ್ನು ತೋಟದ ಮಳೆ ಲೆಕ್ಕ ಬರೆಯುವವಳು ಅತ್ತಿಗೆ ಅರ್ಪಿತಾ. ಅವಳಿಗೆ ಈ ನಿಧಾನದ ಮೆಷಿನ್ ಆಗಿಬರುವುದಿಲ್ಲ. ಮಳೆಯ ಫೈಲ್ ತೆರೆಯುತ್ತದಾ ನೋಡಿ, ಸಂಜೆ ಬರುತ್ತೇನೆ ಎಂದು ಹೋದಳು.

ಆ ನಿಧಾನ ನನಗೆ ಗೊತ್ತಿಲ್ಲದ್ದೇ? ಆಗ ನಾನು ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಗುಡ್ಡದ ಆಚೆ ಮಗ್ಗುಲು ಅವರ ತೋಟ. ನಿಮ್ಮಲ್ಲೆಷ್ಟು ಮಳೆ ಎಂದು ಬೆಳಿಗ್ಗೆ ಫೋನ್ ಮಾಡಿ ಕೇಳುವುದು ನಮ್ಮ ಕಡೆ ತೋಟತೋಟದ ರೂಢಿ. ಲೆಕ್ಕ ಬರೆದುಕೊಳ್ಳಲು ಅವಳ ಕಂಪ್ಯೂಟರ್ ಆನ್ ಆಗಬೇಕು, ಅದಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷ ನಮ್ಮದು. ಎಷ್ಟೋ ಸಲ ಕೀಬೋರ್ಡಿನ ಟಕಟಕ ಕೇಳುತ್ತಿದ್ದರೂ, “ಇನ್ನೂ ಆನ್ ಆಗ್ಲಿಲ್ಲ, ಮಾತಾಡು,” ಎನ್ನುತ್ತಿದ್ದಳು ಕಳ್ಳಿ.

ಹೂಮಳೆ ಬಿದ್ದು ಕಾಫಿ ಹೂವಾಗುತ್ತದೆಂದು ಖಾತ್ರಿಯಾದ ದಿನ ಅವಳಪ್ಪ ಪರಮೇಶ್ವರಯ್ಯನವರು ಯಾರಿಗೂ ಇಲ್ಲ ಎನ್ನುವವರಲ್ಲ. ಅದಕ್ಕೇ ಮಾತಾಡಿಕೊಂಡಿದ್ದೆವು: ಹೂವಿಗೆ ಒಂದು ಇಂಚು ಮಳೆ ಬೇಕು, ಅವರ ಮಳೆ ಗೇಜಿನಲ್ಲಿ ಅದು ದಾಟಿದ ದಿನವೇ ನಾನು ಹೋಗಿ ಹೆಣ್ಣು ಕೇಳುವುದು.

ಮಾರ್ಚ್ ಹದಿನಾಲ್ಕರಂದು ನಮ್ಮಲ್ಲಿ ಒಂದು ಇಂಚು ದಾಟಿ ಹತ್ತು ಸೆಂಟ್ ಬಿತ್ತು. ಇಸ್ತ್ರಿ ಶರ್ಟು ಹಾಕಿಕೊಂಡೇ ಫೋನ್ ಮಾಡಿದೆ.

“ನಮ್ಮಲ್ಲಿ ಸೊನ್ನೆ,” ಎಂದಳು.

ಗುಡ್ಡದ ಆಚೆಗೆ ಸೊನ್ನೆಯಂತೆ! ಮನಸ್ಸು ಬದಲಾಗಿದೆ, ಹೇಳಲು ಧೈರ್ಯವಿಲ್ಲ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಅವಳ ನಂಬರ್ ಬ್ಲಾಕ್ ಮಾಡಿದೆ. ತಿಂಗಳೊಳಗೆ ಕೆಲಸ ಬಿಟ್ಟು ಈ ಅಂಗಡಿ ತೆರೆದೆ.

ಈಗ ಹಳೇ ಹಾರ್ಡ್ ಡಿಸ್ಕಿನಲ್ಲಿದ್ದ ಎಲ್ಲವನ್ನೂ ಹೊಸ ಎಸ್‌ಎಸ್‌ಡಿ ಡಿಸ್ಕಿಗೆ ಕಾಪಿ ಮಾಡಿ ಫೈಲ್ ತೆರೆದೆ. ಕೈ ತಾನಾಗಿ ಆ ವರ್ಷದ ಮಾರ್ಚಿಗೆ ಹೋಯಿತು. ಹದಿನಾಲ್ಕನೇ ತಾರೀಕು, ಸೊನ್ನೆ. ಪಕ್ಕದ ಷರಾ ಕಾಲಂನಲ್ಲಿ: ‘ಯಶವಂತನ ಕಡೆ ಮಳೆ. ಗುಡ್ಡ ದಾಟಲಿಲ್ಲ.’ ಹದಿನೇಳು, ಒಂದು ಇಂಚು ಇಪ್ಪತ್ತು ಸೆಂಟ್. ಷರಾ: ‘ಬಂತು. ಏಳು ಸಲ ಫೋನ್ ಮಾಡಿದೆ. ಸಿಗಲಿಲ್ಲ.’

ಮಳೆ ಗುಡ್ಡದ ಒಂದೇ ಮಗ್ಗುಲಿಗೆ ಬೀಳುವುದು ನಾಲ್ಕು ವರ್ಷ ಮಳೆ ಬರೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಥೂ, ನನ್ನ ಬುದ್ಧಿಗಿಷ್ಟು.

ಸಂಜೆ ಬಂದಳು. ಸ್ವಿಚ್ ಒತ್ತಿದೆ, ಹನ್ನೆರಡು ಎಣಿಸುವಷ್ಟರಲ್ಲಿ ಸ್ಕ್ರೀನ್ ಬಂತು. ಮಾತಿಗೆ ಜಾಗವೇ ಉಳಿಯಲಿಲ್ಲ.

“ಷರಾ ಓದಿದೆ. ತಪ್ಪು ನಂದೇ ಪಂಚಮಿ.”

ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. “ಮೂರು ದಿನ ಕಾಯ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ? ನಾನು ಎರಡು ವರ್ಷ ಕಾದೆ.”

ಈಗಲಾದರೂ ನಿಮ್ಮಪ್ಪನ ಹತ್ತಿರ ಬರಲಾ ಎಂದು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ.

“ಆಲ್ದೂರಿನವ್ರು ಬಂದ ದಿನ ಮಳೆಯೂ ಇರ್ಲಿಲ್ಲ, ಏನೂ ಇರ್ಲಿಲ್ಲ,” ಎಂದಳು. “ಸುಮ್ನೆ ಬಂದ್ರು, ಕೇಳಿದ್ರು.”

ಆಮೇಲೆ, ಅತ್ತಿಗೆ ನೋಡುವುದು ಬೇಡ, ಆ ಕಾಲಂ ಅಳಿಸಿ ಎಂದಳು. ನನ್ನ ಕೈಯಾರೆ ಅಳಿಸಿದೆ. ಹೊಸ ಡಿಸ್ಕ್ ಚುರುಕಾಗಿತ್ತು, ಒಂದು ಸೆಕೆಂಡೂ ಹಿಡಿಯಲಿಲ್ಲ.

ಆ ಕಾಲಂ ಇನ್ನೂ ಉಳಿದಿದ್ದ ಹಳೇ ಹಾರ್ಡ್ ಡಿಸ್ಕನ್ನು ಅವಳತ್ತ ಚಾಚಿದೆ.

“ಅದು ನಿಮ್ಗೇ ಇರ್ಲಿ,” ಎಂದು, ಸಿಪಿಯು ತಾನೇ ಎತ್ತಿಕೊಂಡು ಇಳಿದುಹೋದಳು.

ಮೊನ್ನೆ ಕಳಸದಲ್ಲಿ ಹೂಮಳೆ ಬಿತ್ತು. ಬೆಳಿಗ್ಗೆ ಏಳಕ್ಕೆ ಫೋನ್ ಕೈಗೆತ್ತಿಕೊಂಡೆ. ಬಾಳೂರಿನ ಗುಡ್ಡದ ಆಚೆ ಎಷ್ಟು ಬಿತ್ತು ಎಂದು ಕೇಳಲು ನನಗೆ ಯಾರೂ ಇರಲಿಲ್ಲ.